ಪರಿವರ್ತಕದ ಎಣ್ಣೆ ನುಡಿಯುವ ಸಾಕ್ಷಿ

ಹಳ್ಳಿಯವರ ಬಾಯಲ್ಲಿ ಅದು ‘ಟಿ.ಸಿ.’, ಪಟ್ಟಣದವರಿಗೆ ಟ್ರಾನ್ಸ್‌ಫಾರ್ಮರ್, ಪಠ್ಯಪುಸ್ತಕದ ಕನ್ನಡದಲ್ಲಿ ವಿದ್ಯುತ್ ಪರಿವರ್ತಕ. ಹೆಸರು ಯಾವುದಾದರೂ ಇರಲಿ, ಅದು ಕೆಟ್ಟ ದಿನವೇ ನಮಗೆ ಅದರ ನೆನಪಾಗುವುದು. ನಾನು ಚಿಕ್ಕವನಿದ್ದಾಗ ನಮ್ಮೂರ ಟಿ.ಸಿ. ಸುಟ್ಟಿತೆಂದರೆ ಹತ್ತು ಹದಿನೈದು ದಿನ ಕತ್ತಲೆ ಖಚಿತ. ಊರವರು ಚಂದಾ ಎತ್ತಿ, ಟ್ರ್ಯಾಕ್ಟರ್ ಮಾಡಿಕೊಂಡು ಅದನ್ನು ರಿಪೇರಿಗೆ ಒಯ್ಯುತ್ತಿದ್ದರು. ಅಷ್ಟರಲ್ಲಿ ಪಂಪ್‌ಸೆಟ್ ನಂಬಿದ್ದ ಪೈರು ಬಾಡಿರುತ್ತಿತ್ತು. ಸುಟ್ಟದ್ದೇಕೆ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ಲೋಡ್ ಜಾಸ್ತಿ ಆಯ್ತು’. ಹಿರಿಯ ಲೈನ್‌ಮನ್ ಒಬ್ಬರು ಮಾತ್ರ ಒಮ್ಮೆ, ಕೆಳಗೆ ಸುರಿದಿದ್ದ ಕಪ್ಪು ಎಣ್ಣೆಯನ್ನು ಎರಡು ಬೆರಳ ನಡುವೆ ಹಿಚುಕಿ, ಮೂಸಿ ನೋಡಿ, ‘ಇದು ಇವತ್ತು ಕೆಟ್ಟದ್ದಲ್ಲ ಕಣಪ್ಪ, ವರ್ಷದಿಂದ ಕೆಡ್ತಾ ಇತ್ತು’ ಎಂದಿದ್ದರು.

ಆ ಮಾತಿನ ಅರ್ಥ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಟ್ರಾನ್ಸ್‌ಫಾರ್ಮರ್ ಸಾಮಾನ್ಯವಾಗಿ ಒಂದೇ ದಿನದಲ್ಲಿ ಸಾಯುವುದಿಲ್ಲ. ಅದು ನರಳುತ್ತಿರುವಾಗ ಹೊರಗಿನವರಿಗೆ ಕೇಳಿಸುವುದು ಎಂದಿನ ಗುಂಯ್‌ಗುಡುವ ಸದ್ದು ಮಾತ್ರ. ಒಳಗಿನ ನರಳಾಟವೆಲ್ಲ ಎಣ್ಣೆಯಲ್ಲಿ ಕರಗಿ ಉಳಿದಿರುತ್ತದೆ. ಎಣ್ಣೆಯೆಂಬ ಈ ಸಾಕ್ಷಿಯ ಬಾಯಿ ಬಿಡಿಸಲು ಎಂಜಿನಿಯರುಗಳಿಗೆ ಸುಮಾರು ೮೦ ವರ್ಷ ಹಿಡಿಯಿತು. ಆ ಕಥೆ ಸ್ವಾರಸ್ಯಕರವಾದದ್ದು. ಅಡುಗೆಮನೆಯ ಒಗ್ಗರಣೆ, ಗೋಲಿ ಸೋಡಾ, ಮಾವಿನ ಹಣ್ಣಿನ ಮಂಡಿ ಎಲ್ಲವೂ ಅದರಲ್ಲಿ ಬಂದುಹೋಗುತ್ತವೆ.

ಮೊದಲು ಎಣ್ಣೆ ಅಲ್ಲಿಗೆ ಬಂದದ್ದು ಹೇಗೆಂದು ನೋಡೋಣ. ೧೮೩೧ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆ ಕಬ್ಬಿಣದ ಉಂಗುರವೊಂದಕ್ಕೆ ಎರಡು ಬದಿ ತಾಮ್ರದ ತಂತಿ ಸುತ್ತಿ, ಒಂದು ಸುರುಳಿಯಲ್ಲಿ ವಿದ್ಯುತ್ ಹರಿಯತೊಡಗಿದಾಗ ಮತ್ತು ನಿಂತಾಗ ಇನ್ನೊಂದರಲ್ಲಿಯೂ ವಿದ್ಯುತ್ ಹುಟ್ಟುವುದನ್ನು ಕಂಡ. ತಂತಿಯ ಸುತ್ತುಗಳು ಒಂದಕ್ಕೊಂದು ತಾಕದಂತೆ ಅವನು ನಡುವೆ ಇಟ್ಟದ್ದು ಹತ್ತಿಬಟ್ಟೆ ಮತ್ತು ದಾರ. ಅಂದಿನ ಅಲ್ಪ ವಿದ್ಯುತ್ತಿಗೆ ಅಷ್ಟೇ ಸಾಕಿತ್ತು. ೧೮೮೫ರಲ್ಲಿ ಬುಡಾಪೆಸ್ಟ್ ನಗರದ ಗಾಂಜ್ ಕಾರ್ಖಾನೆಯ ಮೂವರು ಎಂಜಿನಿಯರುಗಳು, ಜಿಪರ್ನೋವ್‌ಸ್ಕಿ, ಬ್ಲಾಥಿ ಮತ್ತು ಡೇರಿ, ಇದೇ ತತ್ವದಿಂದ ನಿಜವಾಗಿ ಬಳಕೆಗೆ ಬರುವ ಯಂತ್ರ ಮಾಡಿದರು. ‘ಟ್ರಾನ್ಸ್‌ಫಾರ್ಮರ್’ ಎಂಬ ಹೆಸರು ಕೊಟ್ಟವನು ಬ್ಲಾಥಿ. ಆಗಲೂ ಅದು ಒಣ ಯಂತ್ರವೇ.

ಎಣ್ಣೆಯ ಅಗತ್ಯ ಬಿದ್ದದ್ದು ವಿದ್ಯುತ್ತು ದೂರ ಪ್ರಯಾಣ ಹೊರಟಾಗ. ದೂರಕ್ಕೆ ಕಳಿಸಬೇಕಾದರೆ ವೋಲ್ಟೇಜನ್ನು ಬಹಳ ಎತ್ತರಿಸಬೇಕು. ಇಲ್ಲದಿದ್ದರೆ ದಾರಿಯಲ್ಲೇ ಬಹುಪಾಲು ಶಾಖವಾಗಿ ಸೋರಿಹೋಗುತ್ತದೆ. ಎತ್ತರಿಸಿದಾಗ ಬಟ್ಟೆ, ಕಾಗದ, ಗಾಳಿ ಇವು ಮೂರೂ ಸೋತವು. ಸುತ್ತುಗಳ ನಡುವೆ ಕಿಡಿ ಹಾರಿ ಯಂತ್ರ ಸುಡುತ್ತಿತ್ತು. ಇಡೀ ಯಂತ್ರವನ್ನು ಎಣ್ಣೆಯಲ್ಲಿ ಮುಳುಗಿಸಿಬಿಡುವ ಆಲೋಚನೆಯೊಂದಿಗೆ ಅಮೆರಿಕದ ಎಲಿಹು ಥಾಮ್ಸನ್ ಅವರ ಹೆಸರು ಕೇಳಿಬರುತ್ತದೆ. ಎಣ್ಣೆ ಕಾಗದದ ಒಂದೊಂದು ರಂಧ್ರಕ್ಕೂ ಹೊಕ್ಕು ಅಲ್ಲಿದ್ದ ಗಾಳಿಯನ್ನು ಹೊರದೂಡುತ್ತದೆ, ಕಿಡಿಯನ್ನು ತಡೆಯುತ್ತದೆ. ಸುರುಳಿಯ ಕಾವನ್ನು ಹೊತ್ತು ಮೇಲೇರಿ, ಟ್ಯಾಂಕಿನ ಪಕ್ಕದ ರೆಕ್ಕೆಗಳಲ್ಲಿ ತಣಿದು, ಮತ್ತೆ ಕೆಳಗಿಳಿಯುತ್ತದೆ. ಒಂದೇ ಕೂಲಿಗೆ ಎರಡು ಕೆಲಸ.

ಇದು ಜಗತ್ತಿಗೆ ಮನದಟ್ಟಾದದ್ದು ೧೮೯೧ರ ಆಗಸ್ಟ್‌ನಲ್ಲಿ. ಜರ್ಮನಿಯ ನೆಕ್ಕರ್ ನದಿಯ ದಡದ ಲೌಫೆನ್ ಎಂಬ ಊರಿನಿಂದ ಫ್ರಾಂಕ್‌ಫರ್ಟ್ ನಗರದ ವಿದ್ಯುತ್ ಪ್ರದರ್ಶನಕ್ಕೆ ೧೭೫ ಕಿಲೋಮೀಟರ್ ದೂರ ವಿದ್ಯುತ್ ಹರಿಸಿದರು. ಪ್ರದರ್ಶನದಲ್ಲಿ ಸಾವಿರ ದೀಪ ಹೊತ್ತಿದವು, ಒಂದು ಕೃತಕ ಜಲಪಾತವೂ ಸುರಿಯಿತು. ಆ ಮಾರ್ಗದ ಟ್ರಾನ್ಸ್‌ಫಾರ್ಮರುಗಳು ಎಣ್ಣೆಯಲ್ಲಿ ಮುಳುಗಿದ್ದವು. ಇದಾದ ಹನ್ನೊಂದೇ ವರ್ಷಕ್ಕೆ, ೧೯೦೨ರ ಜೂನ್ ೩೦ರಂದು, ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ೩೫ ಸಾವಿರ ವೋಲ್ಟಿನಲ್ಲಿ ವಿದ್ಯುತ್ ಹರಿಯಿತು. ದೂರ ಸುಮಾರು ೧೪೭ ಕಿಲೋಮೀಟರ್. ಕಾವೇರಿಯ ತಟದಲ್ಲಿ ವೋಲ್ಟೇಜ್ ಏರಿಸಿ, ಗಣಿಯ ಬಾಗಿಲಲ್ಲಿ ಇಳಿಸುವ ವ್ಯವಸ್ಥೆ. ೧೯೦೫ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಅಂದು ಸಂಭ್ರಮದಿಂದ ದೀಪ ನೋಡಿದವರಿಗೆ ಅದರ ಹಿಂದಿನ ಯಂತ್ರಗಳ ಆರೋಗ್ಯದ ಚಿಂತೆ ಇರುವುದು ಸಾಧ್ಯವಿರಲಿಲ್ಲ. ಆ ಚಿಂತೆ ಯಂತ್ರ ನಡೆಸುವವರ ಪಾಲಿಗೆ ಬಂತು.

ಅವರ ಮೊದಲ ತಲೆನೋವು ಪ್ರತಿ ಗೃಹಿಣಿಗೂ ಗೊತ್ತಿರುವಂಥದು. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಏನಾಗುತ್ತದೆ? ಕಪ್ಪಾಗುತ್ತದೆ, ಜಿಗುಟಾಗುತ್ತದೆ, ತಳದಲ್ಲಿ ಮಡ್ಡಿ ಕೂರುತ್ತದೆ. ಟ್ರಾನ್ಸ್‌ಫಾರ್ಮರಿನ ಎಣ್ಣೆ ಖನಿಜ ತೈಲ. ಪೆಟ್ರೋಲ್, ಸೀಮೆಎಣ್ಣೆಗಳ ಬಳಗದ್ದು. ಆದರೂ ಕಾವು, ಗಾಳಿಯ ಆಮ್ಲಜನಕ ಮತ್ತು ತಾಮ್ರ ಮೂರೂ ಸೇರಿದಾಗ ಅದರ ಗತಿಯೂ ಹಾಗೆಯೇ. ಅದು ಹುಳಿಯಾಗುತ್ತದೆ, ಅಂದರೆ ಅದರಲ್ಲಿ ಆಮ್ಲ ಹುಟ್ಟುತ್ತದೆ. ಆಮೇಲೆ ಮಡ್ಡಿ ಕಟ್ಟುತ್ತದೆ. ಆರಂಭದಲ್ಲಿ ಬಳಸುತ್ತಿದ್ದ ಪ್ಯಾರಾಫಿನ್ ಜಾತಿಯ ಎಣ್ಣೆಯ ಮಡ್ಡಿ ಎಣ್ಣೆಯಲ್ಲಿ ಕರಗದೆ ಸುರುಳಿಗಳ ಮೇಲೆಯೇ ಕೂತು ಎಣ್ಣೆ ಹರಿಯುವ ಸಂದುಗಳನ್ನು ಮುಚ್ಚುತ್ತಿತ್ತು. ಸಂದು ಮುಚ್ಚಿದರೆ ಕಾವು ಹೆಚ್ಚು, ಕಾವು ಹೆಚ್ಚಿದರೆ ಮಡ್ಡಿ ಇನ್ನೂ ಹೆಚ್ಚು. ೧೯೨೦ರ ದಶಕದಲ್ಲಿ ನ್ಯಾಫ್ತೀನ್ ಜಾತಿಯ ಎಣ್ಣೆಗೆ ಬದಲಾದ ಮೇಲೆ ಈ ಪೀಡೆ ಬಹುಮಟ್ಟಿಗೆ ತಗ್ಗಿತು.

ಎರಡನೆಯ ಶತ್ರು ನೀರು. ಟ್ರಾನ್ಸ್‌ಫಾರ್ಮರ್ ಉಸಿರಾಡುತ್ತದೆ ಎಂದರೆ ಅತಿಶಯೋಕ್ತಿಯಲ್ಲ. ಹಗಲಿನ ಹೊರೆಗೆ ಎಣ್ಣೆ ಬಿಸಿಯಾಗಿ ಹಿಗ್ಗಿದಾಗ ಒಳಗಿನ ಗಾಳಿ ಹೊರಬರುತ್ತದೆ. ರಾತ್ರಿ ತಣಿದು ಕುಗ್ಗಿದಾಗ ಹೊರಗಿನ ಗಾಳಿಯನ್ನು ತೇವದ ಸಮೇತ ಒಳಗೆಳೆದುಕೊಳ್ಳುತ್ತದೆ. ದೊಡ್ಡ ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲಿ ನೀಲಿ ಹರಳು ತುಂಬಿದ ಗಾಜಿನ ಭರಣಿಯೊಂದು ನೇತಾಡುವುದನ್ನು ಓದುಗರು ನೋಡಿರಬಹುದು. ಆ ಉಸಿರಿನ ತೇವ ಹೀರಲೆಂದೇ ಅದು ಇರುವುದು. ಹರಳು ನಸುಗೆಂಪಾದರೆ ಅದರ ಶಕ್ತಿ ಮುಗಿಯಿತೆಂದು ಅರ್ಥ. ನಾನು ಕಂಡ ಎಷ್ಟೋ ಭರಣಿಗಳಲ್ಲಿ ಹರಳು ಕೆಂಪಾಗಿ, ಬಣ್ಣವನ್ನೂ ಕಳೆದುಕೊಂಡು, ಜೇಡರ ಬಲೆಯ ನಡುವೆ ತಣ್ಣಗೆ ಕುಳಿತಿದ್ದುದುಂಟು.

ಎಣ್ಣೆಯಲ್ಲಿ ನೀರಿದೆಯೇ ಎಂದು ತಿಳಿಯಲು ಹಳಬರು ಮಾಡುತ್ತಿದ್ದ ಪರೀಕ್ಷೆ ಒಗ್ಗರಣೆಯಷ್ಟೇ ಸರಳ. ಕಬ್ಬಿಣದ ಸರಳೊಂದನ್ನು ಚೆನ್ನಾಗಿ ಕಾಯಿಸಿ ಎಣ್ಣೆಯಲ್ಲಿ ಅದ್ದುವುದು. ಚಟಪಟ ಸದ್ದಾದರೆ ನೀರಿದೆ, ಸದ್ದಿಲ್ಲದೆ ಇಳಿದರೆ ಇಲ್ಲ. ಆದರೆ ಕಿವಿಗೆ ಕೇಳುವಷ್ಟು ನೀರು ಸೇರುವ ಹೊತ್ತಿಗೆ ಅಪಾಯ ಆಗಲೇ ಮನೆಯೊಳಗೆ ಬಂದಿರುತ್ತದೆ. ದಶಲಕ್ಷ ಭಾಗದಲ್ಲಿ ಹತ್ತಿಪ್ಪತ್ತು ಭಾಗದಷ್ಟು ನೀರನ್ನೂ ಅಳೆಯುವ ದಾರಿ ಸಿಕ್ಕಿದ್ದು ೧೯೩೫ರಲ್ಲಿ, ಕಾರ್ಲ್ ಫಿಷರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಕಂಡುಹಿಡಿದ ವಿಧಾನದಿಂದ. ಅದು ಇಂದಿಗೂ ಅವನ ಹೆಸರಿನಲ್ಲೇ ನಡೆಯುತ್ತಿದೆ.

ಇನ್ನೊಂದು ಪರೀಕ್ಷೆ ಸಬ್‌ಸ್ಟೇಷನ್‌ಗಳ ನಿತ್ಯದ ಮಾತು. ಅಲ್ಲಿಯವರು ಅದನ್ನು ‘ಬಿ.ಡಿ.ವಿ.’ ಎನ್ನುತ್ತಾರೆ. ಒಂದು ಬಟ್ಟಲಿನಷ್ಟು ಎಣ್ಣೆಯಲ್ಲಿ ಲೋಹದ ಎರಡು ಗುಂಡುಗಳನ್ನು ಎರಡೂವರೆ ಮಿಲಿಮೀಟರ್ ಅಂತರದಲ್ಲಿ ಎದುರುಬದುರು ಇಟ್ಟು ವೋಲ್ಟೇಜ್ ಏರಿಸುತ್ತ ಹೋಗುವುದು. ಎಲ್ಲಿ ಕಿಡಿ ಹಾರಿತೋ ಅದೇ ಆ ಎಣ್ಣೆಯ ತಾಳಿಕೆ. ಆರು ಸಲ ಮಾಡಿ ಸರಾಸರಿ ತೆಗೆಯುತ್ತಾರೆ. ಚೊಕ್ಕ ಎಣ್ಣೆ ಆ ಕಿರಿದಾದ ಸಂದಿನಲ್ಲೇ ೬೦ ಸಾವಿರ ವೋಲ್ಟಿಗೂ ಮೀರಿ ತಡೆಯುತ್ತದೆ. ಕಾಗದದಿಂದ ಬಿಟ್ಟುಬಂದ ಒಂದೆರಡು ನಾರು, ಅದಕ್ಕೊಂದಿಷ್ಟು ತೇವ ಸೇರಿದರೆ ಸಾಕು. ವಿದ್ಯುತ್ತಿನ ಸೆಳೆತಕ್ಕೆ ಆ ನಾರುಗಳು ಸಾಲುಗಟ್ಟಿ ಎರಡು ಗುಂಡುಗಳ ನಡುವೆ ಸಂಕ ಹಾಕಿಬಿಡುತ್ತವೆ, ಅರ್ಧ ವೋಲ್ಟೇಜಿಗೇ ಕಿಡಿ ಹಾರುತ್ತದೆ.

ಒಳ್ಳೆಯ ಪರೀಕ್ಷೆಯೇ. ಆದರೆ ಅದು ಎಣ್ಣೆಯ ಬಗ್ಗೆ ಹೇಳುತ್ತದೆಯೇ ಹೊರತು ಯಂತ್ರದ ಬಗ್ಗೆ ಹೆಚ್ಚೇನೂ ಹೇಳದು. ಒಳಗೆ ಎಲ್ಲೋ ಸಡಿಲವಾದ ಒಂದು ಬೆಸುಗೆ ನಿಗಿನಿಗಿ ಕಾಯುತ್ತಿದ್ದರೂ ಬಿ.ಡಿ.ವಿ. ಚೆನ್ನಾಗಿಯೇ ಬರಬಹುದು. ‘ಎಣ್ಣೆ ಟೆಸ್ಟ್ ಮಾಡಿಸಿದ್ದೆವು, ಸರಿ ಇತ್ತು’ ಎಂಬ ಮಾತು ಯಂತ್ರ ಸುಟ್ಟ ಮೇಲೆ ಕೇಳಿಬರುವುದು ಇದೇ ಕಾರಣಕ್ಕೆ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆಯಿತ್ತು, ಅಷ್ಟೆ.

ಆ ಬೇರೆ ಪ್ರಶ್ನೆಯನ್ನು ಮೊದಲು ಕೇಳಿದವನು ಜರ್ಮನಿಯ ಕಾಸೆಲ್ ನಗರದ ಮ್ಯಾಕ್ಸ್ ಬುಖೋಲ್ಟ್ಸ್. ಟ್ಯಾಂಕಿನೊಳಗೆ ಏನಾದರೂ ಅತಿಯಾಗಿ ಕಾದರೆ ಅಥವಾ ಕಿಡಿಯಾಡಿದರೆ ಎಣ್ಣೆ ಒಡೆದು ಅನಿಲವಾಗುತ್ತದೆ, ಗುಳ್ಳೆಗಳು ಮೇಲಕ್ಕೇರುತ್ತವೆ. ೧೯೨೧ರಲ್ಲಿ ಅವನು ಟ್ಯಾಂಕಿಗೂ ಅದರ ಮೇಲಿನ ಎಣ್ಣೆಯ ಪೀಪಾಯಿಗೂ ನಡುವಣ ಕೊಳವೆಯಲ್ಲಿ ತೇಲುಬುರುಡೆಗಳಿರುವ ಸಣ್ಣ ಪೆಟ್ಟಿಗೆಯೊಂದನ್ನು ಕೂರಿಸುವ ಉಪಾಯ ಹೂಡಿದ. ಅನಿಲ ಅಲ್ಲಿ ಸಂಗ್ರಹವಾದಂತೆ ಮೇಲಿನ ಬುರುಡೆ ಇಳಿದು ಗಂಟೆ ಬಾರಿಸುತ್ತದೆ. ಒಮ್ಮೆಲೇ ಎಣ್ಣೆ ನುಗ್ಗಿಬಂದರೆ ಇನ್ನೊಂದು ವಿದ್ಯುತ್ತನ್ನೇ ಕಡಿದುಹಾಕುತ್ತದೆ. ನೂರು ವರ್ಷ ಕಳೆದರೂ ದೊಡ್ಡ ಟ್ರಾನ್ಸ್‌ಫಾರ್ಮರುಗಳ ಕೊರಳಲ್ಲಿ ಈ ಪೆಟ್ಟಿಗೆ ಇದ್ದೇ ಇರುತ್ತದೆ.

ಗಂಟೆ ಬಾರಿಸಿದಾಗ ಹಳೆಯ ಎಂಜಿನಿಯರುಗಳು ಆ ಅನಿಲವನ್ನು ಹಿಡಿದು ನೋಡುತ್ತಿದ್ದರು. ಬೆಂಕಿಕಡ್ಡಿ ಗೀರಿ ಹಿಡಿದಾಗ ಹತ್ತಿಕೊಂಡರೆ ಒಳಗೆ ಏನೋ ಸುಡುತ್ತಿದೆ. ಹತ್ತದಿದ್ದರೆ ಬರಿಯ ಗಾಳಿ. ಬಣ್ಣದ್ದೂ ಒಂದು ಪಟ್ಟಿ ಇತ್ತು. ಬಿಳಿಯಾಗಿದ್ದರೆ ಕಾಗದ, ಹಳದಿಯಾದರೆ ಮರದ ಭಾಗ, ಕಪ್ಪಾದರೆ ಎಣ್ಣೆಯೇ ಸುಟ್ಟಿದೆ ಎಂದು. ನಾಡಿ ಹಿಡಿದು ರೋಗ ಹೇಳುವ ವೈದ್ಯರಂತೆ ಇವರೂ ಅನುಭವದಿಂದ ಹೇಳುತ್ತಿದ್ದರು, ಹಲವು ಸಲ ಸರಿಯಾಗಿಯೇ ಹೇಳುತ್ತಿದ್ದರು. ತೊಡಕು ಬೇರೆಯದಿತ್ತು. ಗೋಲಿ ಸೋಡಾ ನೆನಪಿಸಿಕೊಳ್ಳಿ. ಬಾಟಲಿ ಮುಚ್ಚಿರುವವರೆಗೆ ಅದರಲ್ಲಿ ಅನಿಲ ಇರುವುದೇ ಕಾಣುವುದಿಲ್ಲ, ಎಲ್ಲ ಕರಗಿರುತ್ತದೆ. ಟ್ರಾನ್ಸ್‌ಫಾರ್ಮರಿನಲ್ಲಿಯೂ ನಿಧಾನವಾಗಿ ಹುಟ್ಟುವ ಅನಿಲ ಮೊದಲು ಎಣ್ಣೆಯಲ್ಲೇ ಕರಗುತ್ತದೆ. ಕರಗಿ ಮಿಕ್ಕದ್ದು ಮಾತ್ರ ಗುಳ್ಳೆಯಾಗಿ ಬುಖೋಲ್ಟ್ಸನ ಪೆಟ್ಟಿಗೆ ಸೇರುತ್ತದೆ. ಗಂಟೆ ಬಾರಿಸುವ ತಿಂಗಳುಗಳ ಮೊದಲೇ ರೋಗ ಶುರುವಾಗಿರುತ್ತದೆ. ಕರಗಿದ್ದನ್ನು ಹೊರತೆಗೆದು ಎಣಿಸುವುದು ಹೇಗೆ?

ಉತ್ತರ ಬಂದದ್ದು ಗಿಡದ ಎಲೆಗಳಿಂದ. ೧೯೦೩ರಲ್ಲಿ ವಾರ್ಸಾದಲ್ಲಿದ್ದ ರಷ್ಯನ್ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ ಎಲೆಯ ಹಸಿರಿನಲ್ಲಿ ಎಷ್ಟು ಬಗೆಯ ಬಣ್ಣಗಳಿವೆ ಎಂದು ತಿಳಿಯಲು ಎಲೆಯ ರಸವನ್ನು ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಸಿದ. ಒಂದೊಂದು ಬಣ್ಣವೂ ಒಂದೊಂದು ವೇಗದಲ್ಲಿ ಇಳಿದು ಪಟ್ಟೆ ಪಟ್ಟೆಯಾಗಿ ಬೇರ್ಪಟ್ಟವು. ಇದಕ್ಕೆ ಕ್ರೊಮಟೋಗ್ರಫಿ, ಅಂದರೆ ಬಣ್ಣದ ಬರಹ, ಎಂದು ಹೆಸರಿಟ್ಟ. (ತ್ಸ್ವೆತ್ ಎಂಬ ಪದಕ್ಕೆ ರಷ್ಯನ್ ಭಾಷೆಯಲ್ಲಿ ಬಣ್ಣ ಎಂದೇ ಅರ್ಥ, ತನ್ನ ಹೆಸರನ್ನೇ ಅವನು ಜಾಣತನದಿಂದ ಸೇರಿಸಿಟ್ಟನೋ ಏನೋ.) ೧೯೫೨ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮತ್ತು ಮಾರ್ಟಿನ್ ಇದೇ ಉಪಾಯವನ್ನು ಅನಿಲಗಳಿಗೆ ಅನ್ವಯಿಸಿದರು. ಅದೇ ವರ್ಷ ಮಾರ್ಟಿನ್ ಅವರಿಗೆ ಅವರ ಹಿಂದಿನ ಕೆಲಸಕ್ಕಾಗಿ ಸಿಂಜ್ ಅವರೊಂದಿಗೆ ನೊಬೆಲ್ ಪಾರಿತೋಷಕವೂ ಬಂತು. ಅನಿಲಗಳ ಮಿಶ್ರಣವನ್ನು ಉದ್ದನೆಯ ಸಣ್ಣ ಕೊಳವೆಯಲ್ಲಿ ಓಡಿಸಿದರೆ ಒಂದೊಂದು ಅನಿಲವೂ ತನ್ನ ತನ್ನ ಹೊತ್ತಿಗೆ ಹೊರಬರುತ್ತದೆ, ಎಷ್ಟಿದೆ ಎಂದು ಅಳೆಯಬಹುದು. ೧೯೬೦ರ ದಶಕದಲ್ಲಿ ವಿದ್ಯುತ್ ಸಂಸ್ಥೆಗಳು ಇದನ್ನು ಟ್ರಾನ್ಸ್‌ಫಾರ್ಮರಿನ ಎಣ್ಣೆಗೆ ಹಚ್ಚಿದವು. ಸಾಕ್ಷಿ ಮಾತಾಡತೊಡಗಿತು.

ಅದರ ಮಾತು ಅರ್ಥವಾಗಬೇಕಾದರೆ ಮಾವಿನ ಮಂಡಿಗೆ ಹೋಗಬೇಕು. ಹಣ್ಣು ತಾನಾಗಿ ಮಾಗುವಾಗ ಎಥಿಲೀನ್ ಎಂಬ ಅನಿಲ ಬಿಡುತ್ತದೆ. ಅವಸರದ ವ್ಯಾಪಾರಿ ಕಾನೂನಿಗೆ ವಿರುದ್ಧವಾಗಿ ಕಾರ್ಬೈಡ್ ಪೊಟ್ಟಣ ಇಟ್ಟರೆ ಅದರಿಂದ ಹೊರಡುವುದು ಅಸಿಟಿಲೀನ್. ಹಿಂದಿನ ಜಾತ್ರೆಗಳ ಗ್ಯಾಸ್‌ಲೈಟಿನಲ್ಲಿ, ಇಂದಿನ ವೆಲ್ಡಿಂಗ್ ಅಂಗಡಿಯಲ್ಲಿ ಉರಿಯುವುದೂ ಅದೇ. ಇವೆರಡೂ ಟ್ರಾನ್ಸ್‌ಫಾರ್ಮರಿನ ಎಣ್ಣೆಯಲ್ಲಿಯೂ ಹುಟ್ಟುತ್ತವೆ, ಆದರೆ ಬೇರೆ ಬೇರೆ ಕಾವಿನಲ್ಲಿ. ಎಣ್ಣೆಯ ಅಣುವೆಂದರೆ ಇಂಗಾಲ ಮತ್ತು ಜಲಜನಕಗಳ ಸರಪಳಿ. ಅದು ಒಡೆದಾಗ ಚೂರುಗಳು ಮತ್ತೆ ಕೈ ಹಿಡಿದುಕೊಳ್ಳುತ್ತವೆ. ಕಾವು ಕಡಿಮೆಯಿದ್ದರೆ ಇಂಗಾಲದ ಎರಡು ಪರಮಾಣುಗಳು ಒಂದೇ ಕೈ ಹಿಡಿದ ಈಥೇನ್; ಹೆಚ್ಚಾದರೆ ಎರಡು ಕೈ ಹಿಡಿದ ಎಥಿಲೀನ್; ಏಳೆಂಟು ನೂರು ಡಿಗ್ರಿ ದಾಟಿ ಕಿಡಿ ಅಥವಾ ಜ್ವಾಲೆಯ ಮಟ್ಟಕ್ಕೆ ಹೋದಾಗ ಮೂರು ಕೈ ಬೆಸೆದ ಅಸಿಟಿಲೀನ್. ಹೀಗಾಗಿ ಎಣ್ಣೆಯಲ್ಲಿ ಯಾವ ಅನಿಲ ಎಷ್ಟಿದೆ ಎಂಬುದು ಒಳಗೆ ಎಷ್ಟು ಕಾವು ಹುಟ್ಟಿತ್ತು ಎಂಬುದರ ಲೆಕ್ಕ. ಜಲಜನಕ ಮಾತ್ರ ಹೆಚ್ಚಿದ್ದರೆ ಕಣ್ಣಿಗೆ ಕಾಣದ ಮಂದ ವಿಸರ್ಜನೆ. ಎಥಿಲೀನ್ ಹೆಚ್ಚಿದ್ದರೆ ಕಾದ ಲೋಹ. ಕಾರ್ಬನ್ ಮಾನಾಕ್ಸೈಡ್ ಏರುತ್ತಿದ್ದರೆ ಕಾಗದ ಸುಡುತ್ತಿರಬಹುದು. ಅಸಿಟಿಲೀನ್ ಕಂಡರೆ ಎಂಜಿನಿಯರ್ ಕುರ್ಚಿಯಿಂದ ಎದ್ದು ನಿಲ್ಲುತ್ತಾನೆ.

ಅಳತೆ ಎಷ್ಟು ಸೂಕ್ಷ್ಮವೆಂದರೆ, ೫೦ ಸಾವಿರ ಲೀಟರ್ ಎಣ್ಣೆ ತುಂಬಿದ ಟ್ಯಾಂಕಿನಲ್ಲಿ ದಶಲಕ್ಷಕ್ಕೆ ಒಂದು ಭಾಗ ಎಂದರೆ ೫೦ ಮಿಲಿಲೀಟರ್ ಅನಿಲ, ಅರ್ಧ ಲೋಟ ಕಾಫಿಯಷ್ಟು. ಅದನ್ನೂ ಪ್ರಯೋಗಾಲಯ ಪತ್ತೆ ಹಚ್ಚುತ್ತದೆ. ಈ ಅಂಕಿಗಳನ್ನು ಓದುವುದು ಹೇಗೆಂಬ ಬಗ್ಗೆ ಪಂಡಿತರಲ್ಲಿ ಹಲವು ಪಂಥಗಳಾದವು. ಡೋರ್ನೆನ್‌ಬುರ್ಗ್ ಮತ್ತು ಬ್ರಿಟನ್ನಿನ ರೋಜರ್ಸ್ ಒಂದು ಅನಿಲಕ್ಕೂ ಇನ್ನೊಂದಕ್ಕೂ ಇರುವ ಪ್ರಮಾಣವನ್ನು ನೋಡಿದರು. ಕೆನಡಾದ ಕ್ವಿಬೆಕ್ ಪ್ರಾಂತದ ವಿದ್ಯುತ್ ಸಂಶೋಧನಾಲಯದ ಮಿಷೆಲ್ ದ್ಯುವಾಲ್ ೧೯೭೪ರಲ್ಲಿ ಮಿಥೇನ್, ಎಥಿಲೀನ್, ಅಸಿಟಿಲೀನ್ ಮೂರನ್ನು ಒಂದು ತ್ರಿಕೋನದ ಮೂರು ಬದಿಗಳಾಗಿ ಬರೆದರು. ಮೂರರ ಶೇಕಡಾವಾರು ಲೆಕ್ಕ ಹಾಕಿ ಚುಕ್ಕೆ ಇಟ್ಟರೆ ಅದು ತ್ರಿಕೋನದ ಯಾವ ಹೋಳಿನಲ್ಲಿ ಬಿತ್ತೋ ಅದೇ ರೋಗ. ಜಾತಕದ ಕುಂಡಲಿಯಂತೆ ಕಂಡರೂ ಇದು ಬಿಚ್ಚಿ ನೋಡಿದ ಟ್ರಾನ್ಸ್‌ಫಾರ್ಮರುಗಳ ಅನುಭವದ ಮೇಲೆ ನಿಂತದ್ದು. ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ೧೯೭೮ರಲ್ಲಿ ಅಂತರರಾಷ್ಟ್ರೀಯ ಮಾನಕವೂ ಹೊರಬಂತು.

ಇಷ್ಟಾದರೂ ಸಾಕ್ಷಿ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ. ವೋಲ್ಟೇಜ್ ಹೊಂದಿಸುವ ‘ಟ್ಯಾಪ್ ಚೇಂಜರ್’ ಎಂಬ ಭಾಗಕ್ಕೆ ಅದರದೇ ಎಣ್ಣೆಯ ಕೋಣೆ ಇರುತ್ತದೆ. ಅಲ್ಲಿ ಕಿಡಿ ಹಾರುವುದು ದಿನನಿತ್ಯದ ಕೆಲಸ. ಆ ಕೋಣೆಯ ಗೋಡೆ ಸ್ವಲ್ಪ ಸೋರಿದರೆ ಅಸಿಟಿಲೀನ್ ದೊಡ್ಡ ಟ್ಯಾಂಕಿಗೆ ಬಂದು ಸೇರುತ್ತದೆ. ಯಾವ ದೋಷವೂ ಇಲ್ಲದ ಯಂತ್ರ ರೋಗಿಯಂತೆ ಕಾಣುತ್ತದೆ. ಆದುದರಿಂದ ಅನುಭವಿಗಳು ಒಂದು ವರದಿಯನ್ನು ನಂಬುವುದಿಲ್ಲ. ಈ ಸಲ ಎಥಿಲೀನ್ ೬೦ ಇದೆ ಎಂದುಕೊಳ್ಳೋಣ. ಐದು ವರ್ಷದಿಂದ ಅಷ್ಟೇ ಇದ್ದರೆ ಅದು ಹಳೆಯ ಗಾಯದ ಕಲೆ. ಹೋದ ತಿಂಗಳು ೧೦ ಇದ್ದು ಈಗ ೬೦ ಆಗಿದ್ದರೆ ಒಳಗೆ ಬೆಂಕಿ ಬಿದ್ದಿದೆ. ಅಂಕಿ ಒಂದೇ, ಅರ್ಥ ಎರಡು. ಯಾವುದು ನಿಜವೆಂದು ಹೇಳುವುದು ಹಿಂದಿನ ರಿಜಿಸ್ಟರು.

ಇನ್ನು ಕಾಗದದ ಮಾತು. ಟ್ರಾನ್ಸ್‌ಫಾರ್ಮರಿನ ನಿಜವಾದ ಆಯುಸ್ಸು ಇರುವುದು ತಾಮ್ರದಲ್ಲೂ ಅಲ್ಲ, ಎಣ್ಣೆಯಲ್ಲೂ ಅಲ್ಲ, ಸುರುಳಿಗೆ ಸುತ್ತಿದ ಕಾಗದದಲ್ಲಿ. ಎಣ್ಣೆ ಬದಲಿಸಬಹುದು, ಸುರುಳಿ ಬಿಚ್ಚದೆ ಕಾಗದ ಬದಲಿಸಲಾಗದು. ಅದು ಹೆಚ್ಚು ಕಾದಷ್ಟೂ ಬೇಗ ಮುದಿಯಾಗುತ್ತದೆ. ೧೯೩೦ರಲ್ಲಿಯೇ ಅಮೆರಿಕದ ಮಾಂಟ್‌ಸಿಂಗರ್, ಪ್ರತಿ ೮ ಡಿಗ್ರಿ ಕಾವು ಹೆಚ್ಚಿದಂತೆ ಅದರ ಆಯುಸ್ಸು ಅರ್ಧವಾಗುತ್ತದೆಂದು ಲೆಕ್ಕ ಕೊಟ್ಟಿದ್ದರು. ಹೊಸ ಕಾಗದದ ಒಂದು ಅಣುವಿನಲ್ಲಿ ಸಾವಿರಕ್ಕೂ ಹೆಚ್ಚು ಗ್ಲೂಕೋಸ್ ಕೊಂಡಿಗಳ ಸರಪಳಿ ಇರುತ್ತದೆ. ಅದು ತುಂಡಾಗುತ್ತ ೨೦೦ಕ್ಕೆ ಇಳಿದರೆ ಕಾಗದ ಹಪ್ಪಳದಂತೆ ಮುರಿಯುತ್ತದೆ. ಆಮೇಲೆ ಎಲ್ಲೋ ತಂತಿಯೊಂದು ನೆಲಕ್ಕೆ ತಾಗಿ ಸುರುಳಿ ಅದುರಿದರೆ ಸಾಕು. ಆದರೆ ಕಾಗದದ ತುಂಡು ತೆಗೆಯಲು ಯಂತ್ರವನ್ನು ನಿಲ್ಲಿಸಿ ಬಿಚ್ಚಬೇಕಲ್ಲ! ೧೯೮೦ರ ದಶಕದಲ್ಲಿ ಬ್ರಿಟಿಷ್ ಸಂಶೋಧಕರು ಇದಕ್ಕೂ ಎಣ್ಣೆಯನ್ನೇ ಕೇಳಿದರು. ಕಾಗದ ಸವೆದಾಗ ಫರ್‌ಫ್ಯುರಾಲ್ ಎಂಬ ವಸ್ತು ಎಣ್ಣೆಗೆ ಬಿಡುತ್ತದೆ. ಅದನ್ನು ಅಳೆದು ಕಾಗದದ ವಯಸ್ಸನ್ನು ಅಂದಾಜು ಮಾಡಬಹುದು. ಲ್ಯಾಟಿನ್ನಿನಲ್ಲಿ ‘ಫರ್‌ಫುರ್’ ಎಂದರೆ ಬೂಸ. ಈ ವಸ್ತುವನ್ನು ಹಿಂದೆ ಬೂಸದಿಂದ ತೆಗೆಯುತ್ತಿದ್ದುದರಿಂದ ಆ ಹೆಸರು.

ಸರಿಯಾದ ಪ್ರಶ್ನೆ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಈ ಶತಮಾನದ ಆರಂಭದ ಒಂದು ಪ್ರಕರಣವನ್ನು ಹೇಳದೆ ವಿಧಿಯಿಲ್ಲ. ೨೦೦೦ದ ನಂತರದ ವರ್ಷಗಳಲ್ಲಿ ಬ್ರೆಜಿಲ್ ಮೊದಲಾದ ಕಡೆ ಇನ್ನೂ ಹೊಸದಾಗಿದ್ದ ದೊಡ್ಡ ಯಂತ್ರಗಳು ಕೆಟ್ಟವು. ಅವುಗಳ ಎಣ್ಣೆ ಎಲ್ಲ ಪರೀಕ್ಷೆಯಲ್ಲೂ ತೇರ್ಗಡೆಯಾಗಿತ್ತು. ಅನಿಲದ ಪರೀಕ್ಷೆ ಕೂಡ ಮುನ್ಸೂಚನೆ ಕೊಡಲಿಲ್ಲ. ಬಿಚ್ಚಿದಾಗ ಕಾಗದದ ಮೇಲೆ ತಾಮ್ರದ ಸಲ್ಫೈಡ್ ಕಪ್ಪಾಗಿ ಕೂತಿತ್ತು. ಎಣ್ಣೆಯಲ್ಲಿದ್ದ ಗಂಧಕದ ಸಂಯುಕ್ತವೊಂದು ತಾಮ್ರವನ್ನು ತಿಂದು, ವಿದ್ಯುತ್ ಹರಿಯುವ ಆ ಮಸಿಯನ್ನು ಕಾಗದದೊಳಕ್ಕೆ ಇಳಿಸಿತ್ತು. ಗಂಧಕದ ಪರೀಕ್ಷೆ ಇರಲಿಲ್ಲವೆಂದಲ್ಲ. ಹೊಳೆಯುವ ತಾಮ್ರದ ಪಟ್ಟಿಯನ್ನು ಎಣ್ಣೆಯಲ್ಲಿಟ್ಟು ೧೪೦ ಡಿಗ್ರಿಯಲ್ಲಿ ೧೯ ಗಂಟೆ ಕಾಯಿಸಿ ಅದು ಕಪ್ಪಾಗುವುದೇ ಎಂದು ನೋಡುತ್ತಿದ್ದರು. ಈ ಎಣ್ಣೆಗಳು ಅಷ್ಟು ಹೊತ್ತು ಸುಮ್ಮನಿದ್ದವು. ಆಮೇಲೆ ಪರೀಕ್ಷೆಯನ್ನು ಬಿಗಿಗೊಳಿಸಿ ೧೫೦ ಡಿಗ್ರಿ, ೪೮ ಗಂಟೆ ಮಾಡಿದರು. ತೇರ್ಗಡೆಯಾಗಿದ್ದ ಎಷ್ಟೋ ಎಣ್ಣೆಗಳು ಆಗ ನಪಾಸಾದವು.

ನಮ್ಮಲ್ಲಿ ಈ ವಿದ್ಯೆಯ ದೊಡ್ಡ ನೆಲೆ ಬೆಂಗಳೂರಿನಲ್ಲೇ ಇದೆ. ೧೯೬೦ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ಸದಾಶಿವನಗರದ ಬಳಿ ಸರ್ ಸಿ.ವಿ. ರಾಮನ್ ರಸ್ತೆಯಲ್ಲಿರುವುದು, ಟ್ರಾನ್ಸ್‌ಫಾರ್ಮರ್ ಎಣ್ಣೆಗಳನ್ನೂ ಪರೀಕ್ಷಿಸುತ್ತದೆ. ದೊಡ್ಡ ಸಬ್‌ಸ್ಟೇಷನ್‌ಗಳ ಯಂತ್ರಗಳಿಗೆ ಇಂಥ ಪರೀಕ್ಷೆ ಈಗ ವಾಡಿಕೆಯ ಕೆಲಸ. ಅಲ್ಲಿನ ಒಂದು ಯಂತ್ರ ಸುಟ್ಟರೆ ಹೊಸದನ್ನು ಮಾಡಿಸಿ ತಂದು ಕೂರಿಸಲು ವರ್ಷವೇ ಹಿಡಿಯಬಹುದು. ಕೆಲವಕ್ಕೆ ಅನಿಲವನ್ನು ಹಗಲಿರುಳೂ ಅಳೆಯುವ ಉಪಕರಣವನ್ನೇ ಜೋಡಿಸಿರುತ್ತಾರೆ. ಹೊಲದ ಬದುವಿನ ಟಿ.ಸಿ.ಗೆ ಅಷ್ಟು ಉಪಚಾರ ಸಿಗುವುದಿಲ್ಲ. ಅದರ ಬೆಲೆಗೆ ಈ ಖರ್ಚು ಹೊಂದದು ಎನ್ನುತ್ತಾರೆ ಲೆಕ್ಕದವರು. ಒಣಗಿದ ಬೆಳೆಯ ಬೆಲೆಯನ್ನೂ ಆ ಲೆಕ್ಕದಲ್ಲಿ ಸೇರಿಸಿದರೆ ಮೊತ್ತ ಬೇರೆಯಾದೀತೆಂದು ನನ್ನ ಅನುಮಾನ. ಅನಿಲದ ಪರೀಕ್ಷೆ ಬೇಡ, ಭರಣಿಯ ಹರಳನ್ನಾದರೂ ಕಾಲಕಾಲಕ್ಕೆ ಬದಲಿಸಬಹುದಲ್ಲ.

ಕೊನೆಯದಾಗಿ, ಒಳ್ಳೆಯ ಉದ್ದೇಶದಿಂದಲೇ ಸಾಕ್ಷಿಯ ಬಾಯಿ ಮುಚ್ಚಿಸುವ ಒಂದು ಪದ್ಧತಿಯ ಬಗ್ಗೆ. ಎಣ್ಣೆ ಕೆಟ್ಟಿದೆ ಎಂದಾಗ ಅದನ್ನು ಬಿಸಿ ಮಾಡಿ, ಗಾಳಿ ತೆಗೆದ ಯಂತ್ರದ ಮೂಲಕ ಸೋಸುತ್ತಾರೆ. ನೀರು ಹೋಗುತ್ತದೆ, ಕಸ ಹೋಗುತ್ತದೆ, ಬಿ.ಡಿ.ವಿ. ಏರುತ್ತದೆ. ಜೊತೆಗೆ ಕರಗಿದ್ದ ಅನಿಲವೆಲ್ಲ ಹೊರಟುಹೋಗುತ್ತದೆ. ಹುಳಿಯಾದ ಎಣ್ಣೆಯನ್ನು ಮುಖಕ್ಕೆ ಹಚ್ಚಿಕೊಳ್ಳುವ ಮುಲ್ತಾನಿ ಮಿಟ್ಟಿಯ ಜಾತಿಯ ಮಣ್ಣಿನಲ್ಲಿ ಸೋಸಿ ಶುದ್ಧಿ ಮಾಡುವುದೂ ಉಂಟು. ಆಗ ಕಾಗದದ ವಯಸ್ಸು ಹೇಳುತ್ತಿದ್ದ ಫರ್‌ಫ್ಯುರಾಲ್ ಸಹ ಮಣ್ಣುಪಾಲು. ಎಣ್ಣೆ ಹೊಸದರಂತೆ ಹೊಳೆಯು­ತ್ತದೆ. ಮುದಿ ಕಾಗದ ಮುದಿಯಾಗಿಯೇ ಇರುತ್ತದೆ, ಸಡಿಲ ಬೆಸುಗೆ ಸಡಿಲವಾಗಿಯೇ ಇರುತ್ತದೆ. ಮುಂದಿನ ತಿಂಗಳ ವರದಿಯಲ್ಲಿ ಮಾತ್ರ ಎಲ್ಲ ಸೊನ್ನೆ.

ಆದ್ದರಿಂದಲೇ ತಿಳಿದವರು ಸೋಸುವ ಮುನ್ನ ಒಂದು ಸಿರಿಂಜು ತುಂಬ ಎಣ್ಣೆ ತೆಗೆದಿಡುತ್ತಾರೆ. ಅದಕ್ಕೂ ಕ್ರಮವಿದೆ. ಟ್ಯಾಂಕಿನ ಕೆಳಗಿನ ವಾಲ್ವ್ ತೆರೆದು, ಕೊಳವೆಯಲ್ಲಿ ನಿಂತ ಹಳೆಯ ಎಣ್ಣೆಯನ್ನು ಮೊದಲು ಹೊರಗೆ ಹರಿಯಬಿಡಬೇಕು. ಸಿರಿಂಜನ್ನು ಅದೇ ಎಣ್ಣೆಯಲ್ಲಿ ತೊಳೆಯಬೇಕು. ಒಂದು ಗುಳ್ಳೆಯೂ ಸೇರದಂತೆ ತುಂಬಬೇಕು, ಬಿಸಿಲು ತಾಗದಂತೆ ಪೆಟ್ಟಿಗೆಯಲ್ಲಿಟ್ಟು ಕಳಿಸಬೇಕು. ಜೊತೆಗೆ ಒಂದು ಚೀಟಿ: ಯಂತ್ರದ ನಂಬರು, ತಾರೀಖು, ಆ ಹೊತ್ತಿನ ಎಣ್ಣೆಯ ಕಾವು, ಎಷ್ಟು ಲೋಡ್ ಇತ್ತು, ಕೊನೆಯ ಸಲ ಎಣ್ಣೆ ಸೋಸಿದ್ದು ಯಾವಾಗ. ಆ ಕೊನೆಯ ಸಾಲನ್ನು ಖಾಲಿ ಬಿಟ್ಟು ಕಳಿಸಿದರೆ, ಮೇಲಿನ ಅಂಕಿಗಳನ್ನು ಹೇಗೆ ಓದಬೇಕೆಂದು ತಿಳಿಯದೆ ಪ್ರಯೋಗಾಲಯದವರು ಮತ್ತೆ ಸ್ಟೇಷನ್ನಿಗೆ ಫೋನ್ ಮಾಡಿ ಕೇಳಬೇಕಾಗುತ್ತದೆ.